ಕೊನೆಯ ಮಡಕೆ

“ತಿನ್ನಲ್ಲ ಅಂದ್ರೆ ತಿನ್ನಲ್ಲ! ನೀನು ಕುದಿಸ್ತೀಯ, ಬಡಿಸ್ತೀಯ, ಕೈ ತೊಳ್ಕೊಂಡು ಹೋಗ್ತೀಯ. ನುಂಗಬೇಕಾಗಿರೋದು ನನ್ನ ಗಂಟಲು!”

ರುಚಿ ನೋಡುವವಳು ಸೌಟು ಎಸೆದಳು. ಅರಮನೆಯ ಅಡುಗೆಮನೆ ಗೋಡೆಗೆ ಬಡಿದು ಅದು ಬೂದಿಯಲ್ಲಿ ಬಿತ್ತು.

“ಮೆಲ್ಲಗೆ ಮಾತಾಡೇ,” ಎಂದ ಅಡುಗೆಯವನು, ಅವಳ ಒಡಹುಟ್ಟಿದ ಅಣ್ಣ. “ರಾಜಕುಮಾರನ ಕಿವಿಗೆ ಬಿದ್ರೆ ಇಬ್ಬರ ಚರ್ಮಾನೂ ಸುಲೀತಾನೆ.”

“ಸುಲೀಲಿ. ಒಳಗಿರೋದೆಲ್ಲ ಹೇಗೂ ಕೊಳೆತು ಹೋಗಿದೆ.”

“ಇದೇ ಕೊನೇ ಮಡಕೆ ಕಣೇ. ಇದೊಂದು ನುಂಗ್ಬಿಡು.”

“ಏನು ಹಾಕಿದೀಯ ಇದಕ್ಕೆ? ನನ್ನ ಮುಖ ನೋಡಿ ಹೇಳು.”

ಅಣ್ಣ ಮುಖ ನೋಡಲಿಲ್ಲ. “ದೊಡ್ಡ ದೊರೆಗಳ ಬೆನ್ನಿನ ಹುಣ್ಣಿಗೆ ಕಟ್ಟಿದ್ರಲ್ಲ, ಆ ಬಟ್ಟೆ. ಹಿಂಡಿ ಹಾಕು ಅಂದ ರಾಜಕುಮಾರ.”

ಅವಳು ಬಚ್ಚಲಿನ ಕಡೆ ಓಡಿದಳು. ಕಾರಲು ಹೊಟ್ಟೆಯಲ್ಲಿ ಏನೂ ಇರಲಿಲ್ಲ. “ಹೆತ್ತ ಅಪ್ಪನ ಕೀವು!” ಎಂದಳು ಗೋಡೆ ಹಿಡಿದು. “ಹಂದಿಗೂ ಒಂದು ಹೇಸಿಗೆ ಅಂತ ಇರುತ್ತೆ.”

ರಾಜಕುಮಾರನಿಗೆ ಇರಲಿಲ್ಲ. ಹಾಸಿಗೆ ಹಿಡಿದ ಅಪ್ಪ ಬೇಗ ಸಾಯುತ್ತಿಲ್ಲ ಎಂಬುದೇ ಅವನ ಸಂಕಟ. ಬರೀ ಸಿಂಹಾಸನ ಸಾಲದು, ಗಾಳಿಯೂ ತನ್ನ ಮಾತು ಕೇಳಬೇಕು ಎಂಬುದು ಅವನ ತೆವಲು. ಕಾಡಿನಲ್ಲಿದ್ದ ಮುದಿ ಮಾಂತ್ರಿಕನೊಬ್ಬನನ್ನು ಹಿಡಿದು ತಂದು, ಬಡಿದು ಬಾಯಿ ಬಿಡಿಸಿದ್ದ. ಬಾವಲಿಯ ಪಿತ್ತ, ಹೆಣದ ಉಗುರು, ಅರೆದ ಜಿಗಣೆ, ಹೀಗೆ ಮಡಕೆಯ ಮೇಲೆ ಮಡಕೆ. ತಿಂದವರ ಮಾತಿಗೆ ಮೊದಲು ವಸ್ತುಗಳು ಬಾಗುತ್ತವೆ, ಆಮೇಲೆ ಪ್ರಾಣಿಗಳು. ಕೊನೆಯ ಮಡಕೆಗೆ ಮನುಷ್ಯರು.

ಇಷ್ಟು ಕೊಳಕು ತಿನ್ನುವವನಿಗೆ ವಿಷದ ಭಯ ಮಾತ್ರ ಬಿಟ್ಟಿರಲಿಲ್ಲ. ಆ ಮನೆತನದಲ್ಲಿ ಅರ್ಧಕ್ಕರ್ಧ ಜನ ಊಟದ ತಟ್ಟೆಯ ಮುಂದೆಯೇ ನೊರೆ ಕಾರಿ ಸತ್ತವರು. ಹಾಗಾಗಿ ಇವಳು ನುಂಗಬೇಕು. ನುಂಗಿದ ಮೇಲೂ ನೆಟ್ಟಗೆ ನಿಂತಿದ್ದರೆ ಅವನು ಚಮಚ ಎತ್ತುತ್ತಿದ್ದ. ಮೊದಲ ದಿನ ಇದನ್ನು ನೋಡುತ್ತ ಕೂತಿದ್ದ ಮಾಂತ್ರಿಕ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿದ್ದ. “ಭೇಷ್ ಒಡೆಯಾ! ಹೀಗೇ ನಡೀಲಿ!” ಮುದುಕನಿಗೆ ಅರಳುಮರಳು ಎಂದು ರಾಜಕುಮಾರ ಅವನನ್ನು ಅಂದೇ ಅಂಗಳದ ಬಾವಿಗೆ ತಳ್ಳಿಸಿದ. ಮುಳುಗುವಾಗಲೂ ನಗುತ್ತಿದ್ದನಂತೆ.

ಮಡಕೆಗಳು ಕೆಲಸ ಮಾಡಿದವು. ಒಮ್ಮೆ ಊಟದ ನಡುವೆ ರಾಜಕುಮಾರ ದೀಪಗಳಿಗೆ “ಆರಿಹೋಗಿ” ಎಂದ. ಅವನ ಜಗಿತ ನೋಡಲಾರದೆ, ಈ ಬೆಳಕಾದರೂ ತೊಲಗಲಿ ಎಂದು ಗೊಣಗುತ್ತಿದ್ದ ಅವಳಿಗೆ ಕತ್ತಲೆಯಲ್ಲಿ ಹಾಯೆನಿಸಿತು. ಇನ್ನೊಮ್ಮೆ ಮಡಕೆಯ ನಾತಕ್ಕೆ ಬೇಟೆನಾಯಿ ಊಳಿಟ್ಟಿತು. ಅವನು ಗದರಿದ, ಇವಳೂ ಶಪಿಸಿದಳು. ಇವತ್ತಿಗೂ ಆ ನಾಯಿ ಬಾಯಿ ತೆರೆದರೆ ಬರೀ ಗಾಳಿ. ಸೇನಾಪತಿಯ ಮುಂದೆ ಮಾತ್ರ ರಾಜಕುಮಾರನ ಮಾನ ಹೋಯಿತು. ಕೋಟೆಯ ಮೇಲೆ ನಿಂತು ಗಾಳಿಗೆ “ನಿಲ್ಲು” ಎಂದು ಗಂಟಲು ಹರಿದುಕೊಂಡರೂ ಬಾವುಟ ಪಟಪಟಿಸುತ್ತಲೇ ಇತ್ತು. ಪಾಕ ಹದವಾಗಿರಲಿಲ್ಲವೆಂದು ಅಣ್ಣನಿಗೆ ಚಾಟಿಯೇಟು ಬಿತ್ತು. ಅವಳು ಅಂದು ಹೊಟ್ಟೆ ಕೆಟ್ಟು ಮನೆಯಲ್ಲಿ ಮಲಗಿದ್ದಳು. ಸಂಜೆ ಅವನ ಬೆನ್ನಿಗೆ ಎಣ್ಣೆ ಹಚ್ಚುತ್ತ ಅತ್ತಳು.

ಬಾಗಿಲು ತೆರೆಯಿತು. ರಾಜಕುಮಾರ ಇಬ್ಬರು ಕಾವಲುಗಾರರೊಂದಿಗೆ ಬಂದು ಕೂತ. ಮೈಮೇಲೆ ರೇಷ್ಮೆ, ತುಟಿಯ ಮೇಲೆ ಸದಾ ಇರುವ ಜಿಡ್ಡು.

“ಇವತ್ತಿನ ಮೊದಲ ಮಾತು ಯಾರ ಮೇಲೆ ಗೊತ್ತೇನೇ?” ಎಂದ ನಗುತ್ತ. “ನಿಮ್ಮಣ್ಣನ ಮೇಲೆ. ಈ ಪಾಕ ಗೊತ್ತಿರೋ ಇನ್ನೊಂದು ತಲೆ ಉಳೀಬಾರದು. ಕಲ್ಲಾಗ್ತಾನೆ. ಆಮೇಲೆ ಅಪ್ಪ. ತಿನ್ನು.”

“ತಿನ್ನದಿದ್ರೆ?”

ಕಾವಲುಗಾರನೊಬ್ಬ ಅಣ್ಣನ ಕುತ್ತಿಗೆಗೆ ಕತ್ತಿ ಒತ್ತಿದ.

“ವಿಷಾನಾದ್ರೂ ಹಾಕಬಾರದಿತ್ತಾ ಅಣ್ಣ?” ಎಂದಳು ಅವಳು.

“ನೀನು ಮೊದಲು ತಿಂತೀಯಲ್ಲೇ,” ಎಂದ ಅವನು.

ಅವಳು ಬೆಚ್ಚಗಿನ ಲೋಳೆಯನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ ನುಂಗಿದಳು. ಅದು ಎದೆಯೊಳಗೆ ನಿಧಾನಕ್ಕೆ ಇಳಿಯಿತು. ಅವಳು ಬೀಳಲಿಲ್ಲ, ಸಾಯಲಿಲ್ಲ. ರಾಜಕುಮಾರ ಮಡಕೆ ಎಳೆದುಕೊಂಡ. ಚಮಚ ಸಾಲದೆ ಬೆರಳಿಂದ ಬಳಿದ. ತಳ ನೆಕ್ಕಿದ. ಗಲ್ಲದಿಂದ ಹಳದಿ ನೀರು ತೊಟ್ಟಿಕ್ಕಿತು.

ಎದ್ದು ಅಡುಗೆಯವನ ಮುಂದೆ ನಿಂತ. “ಕಲ್ಲಾಗು.”

ಅಣ್ಣ ಕಣ್ಣು ಮುಚ್ಚಿ ನಿಶ್ಚಲನಾದ. ಆಮೇಲೆ ಅಣ್ಣನ ಕಿವಿಯ ಹಿಂದಿನಿಂದ ಬೆವರ ಹನಿಯೊಂದು ಜಾರಿ ಹೆಗಲಿಗೆ ಬಿತ್ತು.

“ಕಲ್ಲಾಗು ಅಂದೆ!”

ಇನ್ನೊಂದು ಹನಿ.

“ಕಲ್ಲಾಗೋ, ನಾಯಿ!” ರಾಜಕುಮಾರ ಕಿರುಚಿದ. ಅವನ ಬಾಯಿಯ ಎಂಜಲು, ಅಪ್ಪನ ಕೀವು, ಎಲ್ಲ ಸೇರಿ ಅವಳ ಕೆನ್ನೆಗೆ ಸಿಡಿಯಿತು.

ಅವಳು ಕೆನ್ನೆ ಒರೆಸಿಕೊಂಡಳು. ಇಷ್ಟು ದಿನ ನುಂಗಿದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು.

“ಥೂ! ಮುಚ್ಚೋ ಬಾಯಿ!”

ಮುಚ್ಚಿತು. ತುಟಿಗೆ ತುಟಿ ಅಂಟಿತು, ಗೆರೆಯೂ ಅಳಿಸಿಹೋಯಿತು. ಮೂಗಿನಿಂದ ಗಲ್ಲದವರೆಗೆ ಹಣೆಯಂಥ ನುಣುಪು ಚರ್ಮ. ರಾಜಕುಮಾರ ಉಗುರುಗಳಿಂದ ಅಲ್ಲಿ ಬಾಯಿ ಹುಡುಕುತ್ತ ನೆಲಕ್ಕೆ ಕುಸಿದ.

“ದಾರಿ ಬಿಡಿ,” ಎಂದಳು ಅವಳು. ಕಾವಲುಗಾರರು ತಾವು ಯೋಚಿಸುವ ಮೊದಲೇ ಸರಿದಿದ್ದರು. ಅವಳು ಅಣ್ಣನ ಕೈ ಹಿಡಿದು ಅಂಗಳಕ್ಕೆ ಇಳಿದಳು. ಆ ಅಡುಗೆಮನೆಗೆ ಅವಳು ಮತ್ತೆಂದೂ ಬರಲಿಲ್ಲ. ಬಾವಿಯ ಪಕ್ಕ ಬಂದಾಗ ಮಾತ್ರ ಒಂದು ಕ್ಷಣ ನಿಂತಳು. ಮುದುಕ ಯಾಕೆ ಅಷ್ಟೊಂದು ನಕ್ಕನೆಂದು ಅವಳಿಗೆ ಈಗ ಹೊಳೆಯಿತು.

ಒಂದೊಂದು ಮಡಕೆಯನ್ನೂ ಮೊದಲು ಉಂಡವಳು ಅವಳು. ರಾಜಕುಮಾರ ಇಷ್ಟು ದಿನ ನೆಕ್ಕಿದ್ದು ಬರೀ ಅವಳ ಎಂಜಲು.