ಅಳಲಾಗದ ಜಿಪುಣ

ರಂಗದ ನಟ್ಟನಡುವೆ ಜಿಪುಣ ಸಾಹುಕಾರ ಮನೆಗೆಲಸದವಳ ಮುಂದೆ ಮೊಣಕಾಲೂರಿ ಬೀಗದ ಕೈಗಳ ಗೊಂಚಲನ್ನು ಚಾಚಿದ್ದ. "ನನ್ನ ಮನೆ ಯಜಮಾನಿ ಆಗ್ತೀಯಾ?" ಎಂದ ಕೂಡಲೇ ಅವಳು ಅದನ್ನು ಕಸಿದು ಅವನ ಮೇಲೆಯೇ ಎಸೆಯಬೇಕು, "ಮೊದ್ಲು ಹಲ್ಲು ಕಟ್ಟಿಸ್ಕೊಳ್ಳೋ ಮುದುಕಾ!" ಎನ್ನಬೇಕು, ಅವನು ನೆಲಕ್ಕೆ ಬಿದ್ದು ಗೋಳಾಡಬೇಕು. ನಾಟಕದಲ್ಲಿ ಇದ್ದದ್ದು ಅಷ್ಟೇ. ಆದರೆ ಇವತ್ತು ಅವಳು ಸುಮ್ಮನೆ ನಿಂತುಬಿಟ್ಟಳು.

ಜಿಪುಣನ ಪಾತ್ರಧಾರಿ ಗೊಂಚಲನ್ನು ಇನ್ನಷ್ಟು ಮುಂದಕ್ಕೆ ಚಾಚಿದ. ಎಡವಟ್ಟು ತನ್ನದೇ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದವನು, ಇವಳ ಜೊತೆ ನಾಟಕ ಆಡುತ್ತಾ ಆಡುತ್ತಾ ಮನಸೋತಿದ್ದ. ಸಂಜೆ ಬಣ್ಣ ಹಚ್ಚಿಕೊಳ್ಳುವಾಗ, ಕನ್ನಡಿಯೊಳಗಿನ ಅವಳ ಮುಖ ನೋಡುತ್ತಾ, ಇದೇ ಮಾತನ್ನು ನಿಜವಾಗಿಯೂ ಕೇಳಿಬಿಟ್ಟಿದ್ದ. ಅವಳು ತಟ್ಟನೆ ಎದ್ದು ಹೋಗಿದ್ದಳು.

ಈಗ ಅವಳು ಬಾಗಿದಳು. ಗೊಂಚಲಿನ ಜೊತೆಗೆ ಅವನ ಬೆರಳುಗಳನ್ನೂ ಹಿಡಿದುಕೊಂಡಳು. ಜನರಿಗೆ ಬೆನ್ನು ತಿರುಗಿಸಿ, "ರೀ, ಸಂಜೆ ಕೇಳಿದ್ರಲ್ಲ, ಅದಕ್ಕೆ ನಂದು ಒಪ್ಪಿಗೆ ಇದೆ," ಎಂದು ಪಿಸುಗುಟ್ಟಿದಳು. "ಈಗ ಬೈತೀನಿ, ಬೇಜಾರು ಮಾಡ್ಕೋಬೇಡಿ."

ಮರುಕ್ಷಣವೇ ಗೊಂಚಲು ಝಣ್ಣೆಂದು ಅವನ ಎದೆಗೆ ಬಡಿಯಿತು. "ಮೊದ್ಲು ಹಲ್ಲು ಕಟ್ಟಿಸ್ಕೊಳ್ಳೋ ಮುದುಕಾ!"

ಜನ ಹೋ ಎಂದು ನಕ್ಕರು. ಅವನು ದೊಪ್ಪನೆ ಬಿದ್ದು ಗೋಳಾಡಲು ಬಾಯಿ ತೆರೆದ. ಏನು ಮಾಡಿದರೂ ಅಳು ಬರಲೊಲ್ಲದು. ಪರದೆಯ ಮರೆಯಲ್ಲಿ ಮಾತು ನೆನಪಿಸಿಕೊಡುವವನು, "ಅಳಿ ಸಾರ್, ಅಳಿ!" ಎಂದು ಹಣೆ ಚಚ್ಚಿಕೊಂಡ. ಯಾರ ಮಾತು ಯಾರಿಗೆ ಕೇಳಬೇಕು? ಜಿಪುಣ ಎದ್ದವನೇ ಬಾಯಿತುಂಬ ನಗುತ್ತಾ, ರಂಗದ ಆ ತುದಿಯಿಂದ ಈ ತುದಿಯವರೆಗೆ ಕುಣಿಯತೊಡಗಿದ.