ಮೂರು ರಾಜ, ಒಂದು ನಾಲ್ಕು

"ಆಡ್ತೀರೋ, ಎಸೀತೀರೋ?" ಎನ್ನುತ್ತಾ ದರ್ಜಿಯಾಕೆ ಗಂಡನ ಮುಂದೆ ನಾಲ್ಕು ಎಲೆ ಹಾಕಿದಳು. ಬಟ್ಟೆ ಕತ್ತರಿಸುವ ಮೇಜಿನ ಆಚೆ ಬದಿಯಲ್ಲಿ ಮೈದುನ ಕೂತಿದ್ದ. ಅವನ ಮೊಣಕೈ ಕೆಳಗೆ ಆರೈಕೆ ಮನೆಯ ಅರ್ಜಿ ಇತ್ತು. ಅವಳದೊಂದು ಸಹಿ ಬಿದ್ದರೆ ಸಾಕು, ನಾಳೆ ಬೆಳಿಗ್ಗೆಯೇ ಗಾಡಿ ಬಂದು ಅವಳ ಗಂಡನನ್ನು ಕರೆದುಕೊಂಡು ಹೋಗುತ್ತದೆ. ಹೋದ ವಾರ ಮನೆಯ ದಾರಿ ಮರೆತ ಆತ ಬಸ್ ಡಿಪೋದಲ್ಲಿ ಸಿಕ್ಕಿದ್ದ. "ಅವನ ಬುದ್ಧಿ ನೆಟ್ಟಗಿದೆ ಅಂತ ತೋರಿಸಿ ಅತ್ತಿಗೆ, ಅರ್ಜಿ ನಾನೇ ಹರಿದು ಹಾಕ್ತೀನಿ" ಎಂದು ಮೈದುನ ಮಾತು ಕೊಟ್ಟಿದ್ದ. ಅದಕ್ಕೇ ಅವಳು ಇಸ್ಪೀಟು ಕಟ್ಟು ತೆಗೆದಿದ್ದಳು.

ಗಂಡ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಗೆಳೆಯರ ನಡುವೆ ಹೆಸರು ಮಾಡಿದ್ದು ಮಾತ್ರ ಪಾಟ್ ಲಿಮಿಟ್ ಒಮಾಹಾ ಎಂಬ ಪೋಕರ್ ಆಟದಲ್ಲಿ. ಕೈಗೆ ನಾಲ್ಕು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಕೈಯಿಂದ ಎರಡೇ ಎರಡು, ಮೇಜಿನಿಂದ ಮೂರು ಸೇರಿಸಬೇಕು; ಯಾರಪ್ಪ ಬಂದರೂ ಇದರಲ್ಲಿ ರಿಯಾಯಿತಿಯಿಲ್ಲ. ಯಾವ ನಾಲ್ಕನ್ನು ಆಡಬೇಕು, ಯಾವುದನ್ನು ನೋಡಿದ ಕೂಡಲೇ ಎಸೆಯಬೇಕು ಎನ್ನುವುದರಲ್ಲೇ ಅರ್ಧ ಆಟ ಮುಗಿದಿರುತ್ತದೆ.

ಮೊದಲ ಕೈಯಲ್ಲಿ ಹತ್ತು, ಒಂಬತ್ತು, ಎಂಟು, ಏಳು ಬಂದವು. ಎರಡು ಇಸ್ಪೀಟು, ಎರಡು ಆಟೀನು. "ಆಡ್ತೀನಿ" ಎಂದ ಗಂಡ. ಒಂದು ರಾಣಿಯಾದರೂ ಇಲ್ಲದ ಎಲೆಗಳನ್ನು ನೋಡಿ ಮೈದುನ ಮೂಗು ಮುರಿದ.

ಎರಡನೆಯ ಕೈಯಲ್ಲಿ ಮೂರು ರಾಜ, ಒಂದು ನಾಲ್ಕು. ಗಂಡ ಕಣ್ಣು ಮಿಟುಕಿಸುವಷ್ಟರಲ್ಲಿ ಅವನ್ನು ಪಕ್ಕಕ್ಕೆ ಎಸೆದ.

ಮೂರೆಲೆ ಆಟ ಬಿಟ್ಟು ಬೇರೇನೂ ಅರಿಯದ ಮೈದುನನ ಮುಖ ಬಿಳಿಚಿತು. "ಮೂರು ರಾಜನ್ನ ಯಾರಾದ್ರೂ ಎಸೀತಾರಾ? ಮುಗೀತು ಅತ್ತಿಗೆ. ಸಹಿ ಹಾಕಿ" ಎಂದು ಅರ್ಜಿಯನ್ನು ಮುಂದಕ್ಕೆ ತಳ್ಳಿದ. ಅವನ ದನಿಯಲ್ಲಿ ಗೆದ್ದ ಸೊಕ್ಕೇನೂ ಇರಲಿಲ್ಲ.

ಅವಳು ಆ ವಾರದಲ್ಲಿ ಮೊದಲ ಸಲ ನಕ್ಕಳು. "ನಾಲ್ಕರಲ್ಲಿ ಎರಡೇ ತಾನೇ ಕೆಲಸಕ್ಕೆ ಬರೋದು? ಮೂರನೇ ರಾಜ ದಂಡಪಿಂಡ. ಮೇಜಿನ ಮೇಲೆ ಬೀಳಬಹುದಾಗಿದ್ದ ರಾಜನ್ನ ನಾವೇ ಕೈಯಲ್ಲಿ ಕೂರಿಸಿಕೊಂಡ ಹಾಗೆ. ಇಸ್ಪೀಟು, ಆಟೀನು ಅಂತ ಬಣ್ಣ ನೋಡಿದ್ರೆ ನಾಲ್ಕೂ ಬೇರೆ ಬೇರೆ. ನಿಮ್ಮಣ್ಣ ಎಸೆದದ್ದೇ ಸರಿ. ಆ ಮೊದಲ ಕೈ ಸಾಲಾಗಿತ್ತು, ಬಣ್ಣಾನೂ ಎರಡೆರಡು ಕೂಡಿತ್ತು; ಅದನ್ನ ಆಡಿದ್ದೂ ಸರಿ."

"ನಿಮಗೆ ಇದೆಲ್ಲ ಯಾವಾಗ ಗೊತ್ತಾಯ್ತು?"

"ಮೂವತ್ತು ವರ್ಷ, ಭಾನುವಾರ ಮಧ್ಯಾಹ್ನ, ಇವರ ಕುರ್ಚಿ ಹಿಂದೆ ಕೂತು ಗುಂಡಿ ಹೊಲಿದಿದ್ದೀನಪ್ಪ."

ಮೈದುನ ಬೆರಳು ಮಡಿಚಿ ಲೆಕ್ಕ ಹಾಕಿದ, ಮತ್ತೊಮ್ಮೆ ಹಾಕಿದ. ಆಮೇಲೆ ಅರ್ಜಿಯನ್ನು ನಾಲ್ಕು ಚೂರು ಮಾಡಿದ. "ಮಂಕು ಕವಿದಿರೋದು ನನಗೇ" ಎಂದು ಗೊಣಗುತ್ತಾ ಮುಖ ತೊಳೆಯಲು ಒಳಗೆ ಹೋದ. ಅವನ ಕಣ್ಣು ಒದ್ದೆಯಾಗಿದ್ದವು. ಅವಳಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗಂಡನ ಕೈ ಹಿಡಿದುಕೊಂಡಳು.

ಆತ ಸಂಕೋಚದಿಂದ ಕೈ ಬಿಡಿಸಿಕೊಂಡ. "ಚೆನ್ನಾಗಿ ಆಟ ತಿಳಿದಿದ್ದೀರಿ ತಾಯಿ" ಎಂದ. ಒಮ್ಮೆ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಮ್ಮನೆಯವಳು ಒಳಗೆ ಹೊಲೀತಾ ಇರ್ತಾಳೆ. ಇಷ್ಟು ವರ್ಷದಲ್ಲಿ ಒಂದು ದಿನಾನೂ ಅವಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲಿಲ್ಲ. ತಪ್ಪು ಮಾಡಿಬಿಟ್ಟೆ."

ಒಳಗೆ ನಲ್ಲಿ ನಿಂತ ಸದ್ದಾಯಿತು.

"ಅಣ್ಣ ಏನೋ ಹೇಳ್ತಿದ್ದ ಹಾಗಿತ್ತು?" ಎನ್ನುತ್ತಾ ಮೈದುನ ಮುಖ ಒರೆಸಿಕೊಂಡು ಬಾಗಿಲಲ್ಲಿ ನಿಂತ.

"ಇನ್ನೊಂದು ಕೈ ಹಂಚು ಅಂದ್ರು" ಎಂದು ಅವಳು ತಲೆಯೆತ್ತದೆ ಎಲೆ ಕಲೆಸತೊಡಗಿದಳು.