ಗೌರಿ ನೆಕ್ಕಿದ ಗೋಡೆ

ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಆ ಹಸಿ ವಾಸನೆಗೆ ನನ್ನ ಕೈ ಕೆಲಸ ಬಿಟ್ಟು ನಿಂತಿದೆ.

ನಾನು ಚಿಕ್ಕವಳಿದ್ದಾಗ ಚಾಮರಾಜಪೇಟೆಯ ನಮ್ಮ ಹಿತ್ತಲಲ್ಲಿ ಹಸು ಗೌರಿ ಕರು ಹಾಕಿದ್ದಳು. "ಹಾಲಿನ ಜೊತೆ ಇವಳ ಮೂಳೆಯೂ ಇಳಿದುಹೋಗತ್ತೆ. ದಿನಾ ಬೂಸಾಗೆ ಸುಣ್ಣದ ತಿಳಿ ಹಾಕು ಕಣೇ," ಎಂದು ಅಜ್ಜಿ ಆ ಕೆಲಸ ನನಗೆ ಒಪ್ಪಿಸಿದ್ದರು. ಮಡಕೆಯಲ್ಲಿ ನೆನೆಸಿದ ಸುಣ್ಣದ ಮೇಲಿನ ತಿಳಿನೀರು ಬಸಿಯುವಾಗ ಕೈ ಉರಿಯುತ್ತಿತ್ತು. ನಾನು ಬೂಸಾಗೆ ಬರೀ ನಲ್ಲಿನೀರು ಸುರಿದು ಕುಂಟೆಬಿಲ್ಲೆ ಆಡಲು ಓಡುತ್ತಿದ್ದೆ.

ಗೌರಿ ಗೋಡೆಯ ಸುಣ್ಣ ನೆಕ್ಕತೊಡಗಿದಳು. "ಅಕ್ಕಾ, ಇವಳಿಗೆ ನಮ್ಮನೇನೇ ತಿಂಡಿ!" ಎಂದು ತಮ್ಮ ನಕ್ಕ. ನಾನು ಕೋಲು ತೋರಿಸಿ ಅವಳನ್ನು ಅಟ್ಟಿದೆ.

ಒಂದು ಮಧ್ಯಾಹ್ನ ಮಲಗಿದ ಗೌರಿ ಏಳಲೇ ಇಲ್ಲ. ಕಿವಿ ತಣ್ಣಗಾಗಿತ್ತು. ಅಪ್ಪ ದನದ ಡಾಕ್ಟರನ್ನು ಕರೆತರಲು ಓಡಿದರು. "ತಿಳಿ ಹಾಕಿದ್ರೂ ಹೀಗ್ಯಾಕಾಯ್ತೋ," ಎನ್ನುತ್ತಾ ಅಜ್ಜಿ ಗೋಣಿಚೀಲದಿಂದ ಅವಳ ಮೈ ಉಜ್ಜುತ್ತಿದ್ದರು. ತಮ್ಮ ಉಗುರಿನಿಂದ ಗೋಡೆ ಕೆರೆದು, ಆ ಪುಡಿಯನ್ನು ಅವಳ ನಾಲಿಗೆಗೆ ಹಚ್ಚುತ್ತಿದ್ದ. ನಾಲಿಗೆ ಅಲುಗಲಿಲ್ಲ.

"ಅಕ್ಕಾ, ನೀನು ದಿನಾ ಹಾಕ್ತಿದ್ದೆ ತಾನೇ?"

"ಹೂಂ ಕಣೋ."

"ಹಾಗಾದ್ರೆ ಎದ್ದೇಳ್ತಾಳೆ ಬಿಡು," ಎಂದು ಅವನು ಮತ್ತೆ ಗೋಡೆ ಕೆರೆಯಲು ಹೋದ.